ಗುಜರಿಗೆ ಹೋಗದ ಲಾರಿ: ಮನೆಯಂಗಳದಲ್ಲೇ ತಗಡಿನ ದುರಸ್ತಿ

ಲಾರಿ ಹಳೆಯದಾಯಿತೆಂದರೆ ಗುಜರಿಗೆ. ನಮ್ಮ ಕಡೆ ಇದಕ್ಕೆ ಎರಡನೇ ಮಾತಿಲ್ಲ. ಎಂಜಿನ್ ಒಬ್ಬರಿಗೆ, ಆಕ್ಸಲ್ ಇನ್ನೊಬ್ಬರಿಗೆ, ಉಳಿದದ್ದು ಕಿಲೋ ಲೆಕ್ಕದಲ್ಲಿ ತಕ್ಕಡಿಗೆ. ಗುಜರಿ ವ್ಯಾಪಾರದಿಂದಲೇ ಮಕ್ಕಳನ್ನು ಓದಿಸಿದ, ಮದುವೆ ಮಾಡಿಸಿದ ಮನೆಗಳು ನಮ್ಮಲ್ಲಿ ಎಷ್ಟೋ ಇವೆ. ಹಾಗಾಗಿ ಆ ಕಸುಬಿನ ಬಗ್ಗೆ ಹಗುರವಾಗಿ ಮಾತಾಡುವ ಉದ್ದೇಶ ನಮಗಿಲ್ಲ. ಆದರೆ ಲಾರಿಯನ್ನೇ ನಂಬಿ ಬದುಕು ಕಟ್ಟಿಕೊಂಡ ಬ್ಯಾರಿ ಮನೆಗಳಲ್ಲಿ ಆ ಕಾಲದ ಒಂದು ಲಾರಿ ನೋಡಲು ಸಿಗುತ್ತದೆಯೇ ಅಂದರೆ, ಇಲ್ಲ. ಲಾರಿಗೆ ಒರಗಿ ನಿಂತ ಅಜ್ಜಂದಿರ ಫೋಟೊ ಉಂಟು, ಲಾರಿ ಇಲ್ಲ.

ನಮ್ಮ ಮನೆಯ ಹಿಂದಿನ ಶೆಡ್ಡಿನಲ್ಲಿ ಅಂಥದ್ದೊಂದು ಉಳಿದುಕೊಂಡಿತ್ತು. ಟಾಟಾ ಮರ್ಸಿಡಿಸ್ ಬೆಂಝ್, 1960ರ ದಶಕದ್ದು, ಎಂಜಿನ್ ಮುಂದಕ್ಕೆ ಚಾಚಿದ ಮೂಗಿನ ಲಾರಿ. ನಂಬರು ಕೆಎ-19 ಬರುವುದಕ್ಕೆ ಎಷ್ಟೋ ಮೊದಲಿನದು, 'ಎಂವೈ' ಅಕ್ಷರದ್ದು. ಅಜ್ಜ ಅದರಲ್ಲಿ ಹಂಚು ಸಾಗಿಸಿದರು, ಮರ ಸಾಗಿಸಿದರು, ಕೊನೆಯ ವರ್ಷಗಳಲ್ಲಿ ದಕ್ಕೆಯಿಂದ ಮೀನು ಸಾಗಿಸಿದರು. ಎರಡು ವರ್ಷದಿಂದ ನಾವು ಮನೆಯವರು ಸೇರಿ ಅದರ ತಗಡಿನ ಕೆಲಸವನ್ನು ಅಂಗಳದಲ್ಲೇ ಮಾಡುತ್ತಿದ್ದೇವೆ. ಎಂಜಿನ್ನಿನ ಕಥೆ ಬೇರೆ, ಅದನ್ನು ಇಲ್ಲಿ ಎತ್ತುವುದಿಲ್ಲ. ಮನೆಯಲ್ಲಿ ಹಳೆ ಜೀಪೋ, ಕಾರೋ, ಟೆಂಪೋವೋ ಶೆಡ್ಡಿನ ಮೂಲೆಯಲ್ಲಿ ನಿಂತಿದ್ದರೆ ಈ ಬರಹ ಅವರಿಗೂ ಪ್ರಯೋಜನಕ್ಕೆ ಬಂದೀತು.

ಮೊದಲು ಈ ಲಾರಿಯ ಜಾತಕ ಸ್ವಲ್ಪ ಹೇಳಬೇಕು. ಟಾಟಾದವರ ಟೆಲ್ಕೊ ಕಂಪೆನಿ ಜರ್ಮನಿಯ ಡೈಮ್ಲರ್-ಬೆಂಝ್ ಜೊತೆ ಒಪ್ಪಂದ ಮಾಡಿಕೊಂಡು ಜಮ್ಶೆಡ್‌ಪುರದಲ್ಲಿ ಲಾರಿ ತಯಾರಿಸಲು ಶುರು ಮಾಡಿದ್ದು 1954ರಲ್ಲಿ. ಒಪ್ಪಂದ ಮುಗಿದದ್ದು 1969ರಲ್ಲಿ. ಮುಂಭಾಗದಲ್ಲಿ ಬೆಂಝ್‌ನ ಮೂರು ಮೂಲೆಯ ನಕ್ಷತ್ರ ಇದ್ದರೆ ಅದು ಆ ಹದಿನೈದು ವರ್ಷಗಳ ಲಾರಿ. ಆಮೇಲಿನದ್ದಕ್ಕೆ ಟಾಟಾದ 'ಟಿ' ಅಕ್ಷರ ಬಂತು. ಆಗ ರಸ್ತೆಯಲ್ಲಿ ಲೇಲ್ಯಾಂಡ್ ಕಾಮೆಟ್, ಬೆಡ್‌ಫೋರ್ಡ್, ಫಾರ್ಗೊ ಕೂಡ ಇದ್ದವು. ಚಾರ್ಮಾಡಿ, ಶಿರಾಡಿ ಘಾಟಿ ಹತ್ತಿದ ಹಿರಿಯ ಡ್ರೈವರ್‌ಗಳನ್ನು ಕೇಳಿ ನೋಡಿ, ಒಂದೊಂದರ ಸದ್ದನ್ನೂ ಬಾಯಲ್ಲೇ ಮಾಡಿ ತೋರಿಸುತ್ತಾರೆ.

ಹೆಚ್ಚಿನವರಿಗೆ ಗೊತ್ತಿಲ್ಲದ ಸಂಗತಿ ಏನೆಂದರೆ, ಇಂಥ ಲಾರಿಗಳನ್ನು ಕಂಪೆನಿ ಪೂರ್ತಿ ಮಾಡಿ ಕೊಡುತ್ತಿರಲಿಲ್ಲ. ಚಾಸಿ, ಎಂಜಿನ್, ಬಾನೆಟ್, ಮಡ್‌ಗಾರ್ಡ್, ಗ್ಲಾಸಿನ ಕೆಳಗಿನ ಅಡ್ಡ ತಗಡು, ಇಷ್ಟೇ ಬರುತ್ತಿದ್ದದ್ದು. ಡ್ರೈವರ್ ಅದರ ಮೇಲೆ ಪೆಟ್ಟಿಗೆ ಇಟ್ಟು ಕೂತು, ತಲೆಗೆ ಟವೆಲ್ ಸುತ್ತಿ, ಊರಿನವರೆಗೆ ಓಡಿಸಿಕೊಂಡು ಬರುತ್ತಿದ್ದ. ಕ್ಯಾಬಿನ್, ಬಾಗಿಲು, ಹಿಂದಿನ ಬಾಡಿ ಎಲ್ಲ ಊರಿನ ಬಾಡಿ ಕಟ್ಟುವವರ ಕೈಕೆಲಸ. ಆಚಾರಿಯವರು ಮರದ ಚೌಕಟ್ಟು ನಿಲ್ಲಿಸುತ್ತಿದ್ದರು, ಟಿಂಕರ್ ಅದಕ್ಕೆ ತಗಡು ಹೊದಿಸುತ್ತಿದ್ದ, ಪೇಂಟರ್ ಹಣೆಯ ಮೇಲೆ ಹೆಸರು ಬರೆಯುತ್ತಿದ್ದ. ಆದ್ದರಿಂದ ನಮ್ಮ ಲಾರಿಯ ಮೂಗು ಜರ್ಮನಿಯ ನಕ್ಷೆಯದ್ದಾದರೂ ಮುಖ ಮಂಗಳೂರಿನದ್ದೇ. ಈ ಬಾಗಿಲಿಗೆ ಕಂಪೆನಿಯ ಪಾರ್ಟ್ಸ್ ಎಂಬುದು ಯಾವ ದೇಶದ ಅಂಗಡಿಯಲ್ಲೂ ಸಿಗುವುದಿಲ್ಲ. ಕೈಯಲ್ಲಿ ಮಾಡಿದ್ದನ್ನು ಕೈಯಲ್ಲೇ ಸರಿ ಮಾಡಬೇಕು. ಆ ಕೈಗಳು ಈಗ ಎಷ್ಟು ಉಳಿದಿವೆ ಎಂಬುದೇ ಪ್ರಶ್ನೆ.

ಪಾಲು ಮೊದಲು, ಸುತ್ತಿಗೆ ಆಮೇಲೆ

ಕೆಲಸ ಶುರುವಾದದ್ದು ಸ್ಪಾನರಿನಿಂದ ಅಲ್ಲ, ಲೆಕ್ಕದ ಪುಸ್ತಕದಿಂದ. ಆರ್‌ಸಿ ಇನ್ನೂ ಅಜ್ಜನ ಹೆಸರಿನಲ್ಲಿತ್ತು. ಅಜ್ಜಿ ಅಜ್ಜನಿಗಿಂತ ಮೊದಲೇ ತೀರಿಕೊಂಡವರು. ಹಕ್ಕುದಾರರು ನಾಲ್ಕು ಜನ: ನಮ್ಮ ತಂದೆ, ಅವರ ತಮ್ಮ, ಇಬ್ಬರು ತಂಗಿಯರು. ಜಾಗದ ಪಾಲು ಆಗಿ ವರ್ಷಗಳಾಗಿದ್ದವು. ಲಾರಿಯನ್ನು ಮಾತ್ರ ಯಾರೂ ಲೆಕ್ಕಕ್ಕೆ ಹಿಡಿದಿರಲಿಲ್ಲ, 'ಆ ಹಳೆ ಕಬ್ಬಿಣ ತಾನೆ' ಎಂದು. ತಂದೆ ಅದಕ್ಕೆ ಒಪ್ಪಲಿಲ್ಲ. "ಕಬ್ಬಿಣ ಹಳೆಯದಾದರೂ ಹಕ್ಕು ಹಳೆಯದಾಗ್ತದಾ? ತಂಗಿಯರ ಪಾಲು ಕೊಟ್ಟ ಮೇಲೆ ನೀವು ಏನು ಬೇಕಾದರೂ ಮಾಡಿ" ಎಂದರು.

ಗುಜರಿಯವರನ್ನು ಕರೆಸಿ ಬೆಲೆ ಕಟ್ಟಿಸಿದೆವು. ಆ ಮೊತ್ತವನ್ನು ಆರು ಪಾಲು ಮಾಡಿ, ಗಂಡುಮಕ್ಕಳಿಗೆ ಎರಡೆರಡು, ಹೆಣ್ಣುಮಕ್ಕಳಿಗೆ ಒಂದೊಂದು ಎಂದು ಲೆಕ್ಕ ಹಾಕಿದೆವು. ದೊಡ್ಡ ಅತ್ತೆ ಹಣ ತೆಗೆದುಕೊಂಡರು. ಚಿಕ್ಕ ಅತ್ತೆ ಹಣ ಹಿಡಿದು ಸುಮಾರು ಹೊತ್ತು ಸುಮ್ಮನೆ ಕೂತರು. ಆಮೇಲೆ ಕೇಳಿದ್ದು ಒಂದೇ: "ಹಣೆಯ ಮೇಲೆ ಬರೆದದ್ದನ್ನು ಅಳಿಸಬೇಡಿ." ಅಜ್ಜ ಆ ಲಾರಿಗೆ ಇಟ್ಟಿದ್ದು ಇದೇ ಅತ್ತೆಯ ಹೆಸರನ್ನು. ಚಿಕ್ಕಪ್ಪ ಮಾತ್ರ ಕೊನೆಯವರೆಗೂ ಮಾರುವುದೇ ಒಳ್ಳೆಯದು ಅನ್ನುವ ಪಕ್ಷ. ಈಗಲೂ ಅವರ ಅಭಿಪ್ರಾಯ ಬದಲಾಗಿಲ್ಲ, ಆದರೆ ಗ್ರೈಂಡರ್ ಅವರದ್ದೇ.

ಮಾಲಕತ್ವ ವರ್ಗಾವಣೆಗೆ ವಾರಸುದಾರರು ಕೊಡಬೇಕಾದದ್ದು ಫಾರ್ಮ್ 31. ಹಳೆ ವಾಹನ ಇಟ್ಟುಕೊಂಡವರು ಹಿರಿಯರು ಬದುಕಿರುವಾಗಲೇ ಕಾಗದಪತ್ರ ಹುಡುಕಿ ಒಂದು ಕಡೆ ಇಟ್ಟರೆ ಅರ್ಧ ತಲೆನೋವು ಕಡಿಮೆ.

ಕಾಗದದ ವಿಷಯ ಬಂದದ್ದರಿಂದ ಇನ್ನೊಂದು ಮಾತು. 2021ರ ಜುಲೈಯಲ್ಲಿ ಕೇಂದ್ರ ಸರಕಾರ ವಿಂಟೇಜ್ ವಾಹನಗಳ ನೋಂದಣಿಗೆಂದೇ ನಿಯಮ ತಂದಿತು. ಮೊದಲ ನೋಂದಣಿಯಾಗಿ 50 ವರ್ಷ ದಾಟಿರಬೇಕು, ಚಾಸಿ, ಬಾಡಿ, ಎಂಜಿನ್‌ನಲ್ಲಿ ದೊಡ್ಡ ಬದಲಾವಣೆ ಆಗಿರಬಾರದು. ಹೊಸ ನೋಂದಣಿಗೆ 20,000 ರೂಪಾಯಿ, ಹತ್ತು ವರ್ಷದ ಅವಧಿ, ಮರುನೋಂದಣಿಗೆ 5,000. ನಂಬರಿನಲ್ಲಿ 'ವಿಎ' ಎಂಬ ಅಕ್ಷರ ಬರುತ್ತದೆ. ಇಷ್ಟೆಲ್ಲ ಓದಿ ಖುಷಿಪಟ್ಟದ್ದೇ ಬಂತು. ಈ ನಿಯಮ ಅನ್ವಯಿಸುವುದು ಖಾಸಗಿ ಬಳಕೆಯ ದ್ವಿಚಕ್ರ ವಾಹನ ಮತ್ತು ಕಾರುಗಳಿಗೆ. ಸರಕು ಸಾಗಿಸುವ ಲಾರಿಗೆ ಅದರಲ್ಲಿ ಜಾಗವಿಲ್ಲ. ಸಾಹುಕಾರರ ಕಾರು ಪರಂಪರೆ, ಆ ಸಾಹುಕಾರರ ಸಾಮಾನು ಹೊತ್ತ ಲಾರಿ ಬರೀ ಕಬ್ಬಿಣ. ಇದು ಸರಿಯಲ್ಲ ಎಂದೇ ನಮ್ಮ ಅಭಿಪ್ರಾಯ. ಹಾಗಾಗಿ ನಮ್ಮ ಲಾರಿ ಸದ್ಯಕ್ಕೆ ಕಂಪೌಂಡ್ ದಾಟುವುದಿಲ್ಲ. ಹಳೆ ಕಾರು, ಬೈಕ್ ಇರುವವರಿಗೆ ಮಾತ್ರ ಒಂದು ಸಲಹೆ: ತಗಡು ಕತ್ತರಿಸುವ ಮೊದಲು ಎಲ್ಲ ಕಡೆಯಿಂದ ಫೋಟೊ ತೆಗೆದಿಡಿ, ಆಕಾರ ಬದಲಾಯಿಸಬೇಡಿ.

ಉಪ್ಪು, ಮರ, ತಗಡು

ನಮಗೆ ಕೆಲಸ ಕಲಿಸುತ್ತಿರುವವರನ್ನು ಊರಿನ ಮಕ್ಕಳೆಲ್ಲ ಕರೆಯುವುದು ಟಿಂಕರ್ ಕಾಕ ಎಂದು. ಎಪ್ಪತ್ತು ದಾಟಿದೆ. ಬಂದರಿನ ಗ್ಯಾರೇಜೊಂದಕ್ಕೆ ಹುಡುಗನಾಗಿದ್ದಾಗಲೇ ಸೇರಿದವರು. ಮಕ್ಕಳಿಬ್ಬರೂ ಗಲ್ಫ್‌ನಲ್ಲಿದ್ದಾರೆ, ಈ ಕೆಲಸ ಕಲಿತವರಲ್ಲ. ಈಗ ಕಣ್ಣು ಮಂದ, ಆದರೆ ಅಂಗೈಯನ್ನು ತಗಡಿನ ಮೇಲೆ ಒಮ್ಮೆ ಸವರಿದರೆ ಎಲ್ಲಿ ತಗ್ಗು, ಎಲ್ಲಿ ಉಬ್ಬು ಎಂದು ಹೇಳಿಬಿಡುತ್ತಾರೆ. "ಕಣ್ಣನ್ನು ನಂಬಬೇಡ ಮೋನು, ಬಣ್ಣ ಮೋಸ ಮಾಡ್ತದೆ. ಕೈ ಸುಳ್ಳು ಹೇಳುವುದಿಲ್ಲ" ಅನ್ನುತ್ತಾರೆ ನಮ್ಮ ಅಣ್ಣನಿಗೆ. ಅಂಗೈಗೆ ತೆಳು ಬಟ್ಟೆ ಸುತ್ತಿಕೊಂಡರೆ ಇನ್ನೂ ಚೆನ್ನಾಗಿ ಗೊತ್ತಾಗುತ್ತದಂತೆ. ಮಾಡಿ ನೋಡಿದೆವು, ನಿಜ.

ಮೊದಲ ವಾರ ಅವರು ನಮ್ಮನ್ನು ಏನನ್ನೂ ಬಿಚ್ಚಲು ಬಿಡಲಿಲ್ಲ. ಸಣ್ಣ ಸುತ್ತಿಗೆ ಹಿಡಿದು ತಗಡನ್ನು ತಟ್ಟುತ್ತಾ ಹೋಗುವುದು, ಸೀಮೆಸುಣ್ಣದಲ್ಲಿ ಗುರುತು ಹಾಕುವುದು, ಅಷ್ಟೆ. ಗಟ್ಟಿ ತಗಡು 'ಟಿಣ್' ಎನ್ನುತ್ತದೆ. ಒಳಗಿನಿಂದ ಕೊರೆದುಹೋದದ್ದು ಸಪ್ಪೆಯಾಗಿ 'ದಬ್' ಎನ್ನುತ್ತದೆ. ಹಿಂದೆ ಯಾರೋ ಪುಟ್ಟಿ ಮೆತ್ತಿ ಮುಚ್ಚಿದ ಜಾಗ ಗೊತ್ತಾಗಬೇಕಾದರೆ ಮ್ಯಾಗ್ನೆಟ್ ಬೇಕು. ದಪ್ಪ ಪುಟ್ಟಿಯ ಮೇಲೆ ಅದು ಹಿಡಿಯುವುದಿಲ್ಲ. ಹಳೆ ಜೀಪು ಕೊಳ್ಳಲು ಹೋಗುವವರು ಜೇಬಲ್ಲಿ ಬಟ್ಟೆ ಸುತ್ತಿದ ಒಂದು ಮ್ಯಾಗ್ನೆಟ್ ಇಟ್ಟುಕೊಂಡರೆ ಮಾರುವವರ ಮುಖವೇ ಬದಲಾಗುತ್ತದೆ.

ಸೀಮೆಸುಣ್ಣದ ಗುರುತು ಹೆಚ್ಚು ಬಿದ್ದದ್ದು ಬಾಗಿಲಿನ ಅಡಿ, ಕ್ಯಾಬಿನ್ನಿನ ನೆಲ, ಹತ್ತುವ ಮೆಟ್ಟಿಲು, ಮಡ್‌ಗಾರ್ಡಿನ ಒಳ ಅಂಚು ಮತ್ತು ಗ್ಲಾಸಿನ ರಬ್ಬರ್ ಬೀಡಿಂಗ್‌ನ ಕೆಳಗೆ. ಬ್ಯಾಟರಿ ಇಡುವ ಪೆಟ್ಟಿಗೆಯನ್ನು ಲೆಕ್ಕಕ್ಕೇ ಹಿಡಿಯಲಿಲ್ಲ, ಅದು ಮುಟ್ಟಿದರೆ ಉದುರುತ್ತಿತ್ತು.

ಮೀನಿನ ಲಾರಿಯ ತುಕ್ಕು ಬೇರೆಯೇ ಜಾತಿ. ಐಸ್ ಕರಗಿದ ನೀರು ಮೀನಿನ ಉಪ್ಪನ್ನು ಹೊತ್ತು ಹಲಗೆಯ ಸಂದಿಯಿಂದ ಇಳಿದು ತಗಡಿನ ಮಡಿಕೆಗಳಲ್ಲಿ ಕೂತುಬಿಡುತ್ತದೆ. ಉಪ್ಪು ಗಾಳಿಯ ತೇವವನ್ನು ಎಳೆಯುತ್ತದೆ. ಮೇಲೆ ಎಷ್ಟೇ ಒಳ್ಳೆಯ ಪೇಂಟ್ ಹೊಡೆದರೂ ಅಡಿಯಲ್ಲಿ ಉಪ್ಪಿದ್ದರೆ ಒಂದೇ ಮಳೆಗಾಲಕ್ಕೆ ಗುಳ್ಳೆ ಏಳುತ್ತದೆ. ಆದ್ದರಿಂದ ಉಜ್ಜುವ ಮೊದಲು ತೊಳೆಯಬೇಕು, ಒಮ್ಮೆ ಅಲ್ಲ, ಹತ್ತಾರು ಬಾರಿ, ಸಿಹಿ ನೀರಿನಲ್ಲಿ. ಕಡಲ ಬದಿಯ ಮನೆಗಳ ಬಾವಿ ನೀರೇ ಉಪ್ಪಾಗಿದ್ದರೆ ಅದು ಆಗದು. ನಮ್ಮ ಜಿಲ್ಲೆಗೆ ವರ್ಷಕ್ಕೆ 3,500 ಮಿಲಿಮೀಟರಿಗೂ ಮಿಕ್ಕಿ ಮಳೆ ಬೀಳುವಾಗ ಬೇರೆ ನೀರು ಯಾಕೆ? ಪೇಂಟ್ ಕೆರೆಯುವ ಮೊದಲೇ ಬಿಚ್ಚಿದ ಬಾಗಿಲು, ಮಡ್‌ಗಾರ್ಡುಗಳನ್ನು ಜೂನ್‌ನಲ್ಲಿ ಅಂಗಳದಲ್ಲಿ ಕಲ್ಲಿನ ಮೇಲೆ ಓರೆಯಾಗಿ ಇಟ್ಟು, ದಿನಾ ಬ್ರಷ್ಷಿನಲ್ಲಿ ತಿಕ್ಕಿದೆವು. ಉಮ್ಮ ನೋಡಿ ನಕ್ಕರು: "ನಿಮ್ಮ ಬಟ್ಟೆಯನ್ನೂ ಹೀಗೆ ಒಗೆದಿದ್ದರೆ ಆಗ್ತಿತ್ತು."

ನಟ್ಟು ಬಿಚ್ಚುವುದು ತಾಳ್ಮೆಯ ಕೆಲಸ. ಡೀಸೆಲ್‌ನಲ್ಲಿ ನೆನೆಸಿದ ಬಟ್ಟೆ ಸುತ್ತಿ ಎರಡು ದಿನ ಬಿಡಬೇಕು, ಆಮೇಲೆ ಮೆಲ್ಲ ಹಿಂದೆ ಮುಂದೆ ಆಡಿಸಬೇಕು. ಅರುವತ್ತು ವರ್ಷ ಕೂತ ನಟ್ಟು ಒಂದೇ ಎಳೆತಕ್ಕೆ ಬರಬೇಕೆಂದರೆ ಹೇಗೆ?

ತಗಡು ಬಿಚ್ಚಿದಾಗ ಮರ ಕಂಡಿತು. ಕ್ಯಾಬಿನ್ನಿನ ಚೌಕಟ್ಟಿನಲ್ಲಿ ಮೇಲಿನ ಅರ್ಧ ಕಲ್ಲಿನಂತಿತ್ತು, ಕೆಳಗಿನ ಅರ್ಧ ಕಾಫಿಪುಡಿಯಂತೆ. ತಗಡು ಮತ್ತು ಮರದ ನಡುವೆ ನೀರು ಸಿಕ್ಕಿಕೊಂಡರೆ ಎರಡೂ ಒಟ್ಟಿಗೆ ಸಾಯುತ್ತವೆ. ಮರ ಕುಂಬಾಗುತ್ತದೆ, ತಗಡು ಹಿಂಬದಿಯಿಂದ ತೂತಾಗುತ್ತದೆ, ಹೊರಗಿನವರಿಗೆ ಕಾಣುವುದು ಕೊನೆಗೆ. ಪಕ್ಕದೂರಿನ ಆಚಾರಿಯವರು ಬಂದು ನೋಡಿ, ಬಿಚ್ಚಿದ ಹಳೆ ಮನೆಯೊಂದರ ಕಿರಾಲುಬೋಗಿಯ ಪಕ್ಕಾಸುಗಳನ್ನು ಕೊಯ್ದು ಹೊಸ ಕಾಲುಗಳನ್ನು ಕೂಡಿಸಿದರು. ಹಸಿ ಮರ ಹಾಕುವುದಕ್ಕೆ ಅವರು ಒಪ್ಪಲೇ ಇಲ್ಲ. ಕೂಡಿಸುವ ಮೊದಲು ಮರದ ನಾಲ್ಕೂ ಮೈಗೆ, ತುದಿಗೂ, ಮೊಳೆಯ ತೂತಿಗೂ ಪೇಂಟ್ ಕುಡಿಸಿದೆವು. ಈ ಹಂತದಲ್ಲಿ ಸೋಮಾರಿತನ ಮಾಡಿದರೆ ಮುಂದಿನದ್ದೆಲ್ಲ ದಂಡ.

ಇನ್ನು ತಗಡು. ತೂತಾದ ಜಾಗಕ್ಕೆ ಮೇಲಿಂದ ತುಂಡು ಅಂಟಿಸಿ ಪುಟ್ಟಿ ಬಳಿಯುವುದು ಎಲ್ಲ ಕಡೆ ನಡೆಯುವ ಕ್ರಮ. ನೋಡಲು ಮದುಮಗನಂತೆ ಇರುತ್ತದೆ, ಎರಡು ವರ್ಷ. ಒಂದರ ಮೇಲೊಂದು ಹೊದಿಸಿದ ತಗಡಿನ ಸಂದಿಯೇ ಹೊಸ ನೀರಿನ ಗುಂಡಿ. ಟಿಂಕರ್ ಕಾಕನ ಕ್ರಮ ಬೇರೆ: ಕೊಳೆತದ್ದು ಮುಗಿದು ಗಟ್ಟಿ ತಗಡು ಸಿಗುವವರೆಗೆ ಕತ್ತರಿಸಬೇಕು, ಹೊಸ ತುಂಡನ್ನು ಅಂಚಿಗೆ ಅಂಚು ತಾಗಿಸಿ ಕೂರಿಸಬೇಕು. ಅಳತೆಗೆ ಅವರು ಬಳಸುವುದು ಮದುವೆ ಕಾಗದದ ರಟ್ಟು. ನಮ್ಮ ಮನೆಗಳಲ್ಲಿ ಅದಕ್ಕೇನೂ ಬರ ಇಲ್ಲವಲ್ಲ. ರಟ್ಟನ್ನು ತೂತಿಗೆ ಒತ್ತಿ ಹಿಡಿದು, ಅಂಚು ಗುರುತಿಸಿ, ಕತ್ತರಿಸಿ, ಮತ್ತೆ ಇಟ್ಟು ನೋಡಿ, ಅದು ಸರಿ ಕೂತ ಮೇಲೆಯೇ ತಗಡಿಗೆ ಕತ್ತರಿ.

ನೆಲಕ್ಕೂ ಮಡ್‌ಗಾರ್ಡಿಗೂ ನಾವು ಹಾಕಿದ್ದು 18 ಗೇಜಿನ ಶೀಟ್, ಅಂದಾಜು 1.2 ಮಿಲಿಮೀಟರ್ ದಪ್ಪ. ಜಿಐ ಶೀಟ್ ಹಾಕಿದರೆ ತುಕ್ಕೇ ಹಿಡಿಯುವುದಿಲ್ಲವಲ್ಲ ಎಂದು ಬಂದವರೆಲ್ಲ ಕೇಳುತ್ತಾರೆ. ಜಿಐ ಶೀಟಿನ ಮೇಲಿರುವುದು ಸತುವಿನ ಲೇಪ. ವೆಲ್ಡ್ ಮಾಡಿದ ಜಾಗದಲ್ಲಿ ಅದು ಸುಟ್ಟು ಹೋಗುತ್ತದೆ, ಅದರ ಹೊಗೆ ಕುಡಿದವನಿಗೆ ರಾತ್ರಿ ಚಳಿಜ್ವರ. ಹಾಗಾಗಿ ಸಾದಾ ಶೀಟೇ ಸಾಕು.

ಬಾಗಿದ ಮಡ್‌ಗಾರ್ಡಿನ ತುಂಡು ಹೇಗೆ ಮಾಡುವುದು? ಮರಳು ತುಂಬಿದ ಚರ್ಮದ ಚೀಲದ ಮೇಲೆ ತಗಡು ಇಟ್ಟು ಮರದ ಕೊಡತಿಯಲ್ಲಿ ಹೊಡೆದು ಗುಳಿ ಬರಿಸಬೇಕು. ಆಮೇಲೆ ರೈಲು ಹಳಿಯ ತುಂಡಿನ ಮೇಲೆ ಇಟ್ಟು ಸುತ್ತಿಗೆಯಲ್ಲಿ ಮೆಲ್ಲ ಸಮ ಮಾಡಬೇಕು. ಒಳಗಿನಿಂದ ಡಾಲಿ ಹಿಡಿದು ಹೊರಗಿನಿಂದ ತಟ್ಟುವಾಗ ಎರಡು ಕೈಗಳ ನಡುವೆ ಒಂದು ಮಾತುಕತೆ ನಡೆಯುತ್ತದೆ. ಅದನ್ನು ಬರೆದು ಕಲಿಸಲಾಗದು. ಹೊಡೆದು ಹೊಡೆದು ತಗಡು ಹಿಗ್ಗಿ ಸಡಿಲಾದರೆ ಕಾಕ ಗ್ಯಾಸಿನ ಜ್ವಾಲೆಯಿಂದ ರೂಪಾಯಿ ನಾಣ್ಯದಷ್ಟು ಜಾಗ ಕೆಂಪಗೆ ಕಾಯಿಸಿ, ತಟ್ಟಿ, ಒದ್ದೆ ಬಟ್ಟೆ ಒತ್ತುತ್ತಾರೆ. 'ಚುಯ್' ಎನ್ನುತ್ತದೆ, ತಗಡು ಬಿಗಿಯುತ್ತದೆ. ಮೊದಲ ಸಲ ನೋಡಿದಾಗ ಮನೆಯ ಮಕ್ಕಳು ಚಪ್ಪಾಳೆ ಹೊಡೆದರು.

ವೆಲ್ಡಿಂಗಿಗೆ ಅವರದ್ದು ಗ್ಯಾಸ್, ಅಣ್ಣನದ್ದು ಬಾಡಿಗೆಗೆ ತಂದ ಮಿಗ್ ಮೆಷಿನ್. ತೆಳು ತಗಡಿಗೆ ಎರಡರಲ್ಲೂ ನಿಯಮ ಒಂದೇ: ಒಂದೇ ಸಲ ಉದ್ದಕ್ಕೆ ಎಳೆಯಬಾರದು. ಈ ತುದಿಯಲ್ಲಿ ಒಂದು ಬೊಟ್ಟು, ಆ ತುದಿಯಲ್ಲಿ ಒಂದು ಬೊಟ್ಟು, ಕೈ ಇಡುವಷ್ಟು ತಣಿಯುವವರೆಗೆ ಕಾಯಬೇಕು. ಅವಸರ ಮಾಡಿದರೆ ತಗಡು ಹಪ್ಪಳದಂತೆ ಸೊಟ್ಟಗಾಗುತ್ತದೆ. ಒಂದು ಬಾಗಿಲಿನ ಅಡಿಗೆ ನಮಗೆ ಮೂರು ಭಾನುವಾರ ಬೇಕಾಯಿತು.

ಮನೆಯಲ್ಲಿ ಮಾಡುವವರು ಇದೊಂದನ್ನು ಬಿಡದೆ ಓದಬೇಕು. ವೆಲ್ಡಿಂಗಿಗೆ ಮೊದಲು ಬ್ಯಾಟರಿ ಕನೆಕ್ಷನ್ ತೆಗೆಯಬೇಕು, ಟ್ಯಾಂಕನ್ನು ಬಿಚ್ಚಿ ದೂರ ಇಡಬೇಕು. ಖಾಲಿ ಟ್ಯಾಂಕ್ ಎಂದರೆ ಭಯವಿಲ್ಲ ಎಂದು ತಿಳಿದವರು ಬಹಳ. ಅದರೊಳಗೆ ಉಳಿದ ಆವಿಯೇ ಸ್ಫೋಟಿಸುವುದು. ಟ್ಯಾಂಕಿಗೆ ಮನೆಯಲ್ಲಿ ವೆಲ್ಡಿಂಗ್ ಬೇಡವೇ ಬೇಡ. ಹಳೆ ಪೇಂಟಿನಲ್ಲಿ ಸೀಸ ಇರುವ ಸಾಧ್ಯತೆ ಉಂಟು. ಒಣ ಉಜ್ಜಿದರೆ ಧೂಳು ಮಕ್ಕಳ ಹೊಟ್ಟೆಗೆ ಹೋಗುತ್ತದೆ. ನೀರು ಹಾಕಿ ಉಜ್ಜಬೇಕು, ಮಾಸ್ಕ್ ಹಾಕಬೇಕು, ಕೆರೆದದ್ದನ್ನು ಗುಡಿಸಿ ಕಟ್ಟಿಡಬೇಕು, ಆ ಬಟ್ಟೆಯಲ್ಲೇ ಮನೆಯೊಳಗೆ ಬರಬಾರದು. ಮಗು ಇರುವ ಮನೆಯಾದ್ದರಿಂದ ಅತ್ತಿಗೆ ಈ ವಿಷಯದಲ್ಲಿ ಯಾರಿಗೂ ರಿಯಾಯಿತಿ ಕೊಡಲಿಲ್ಲ. ಅಂಗಳಕ್ಕೆ ಹಗ್ಗ ಕಟ್ಟಿ ಗಡಿ ಹಾಕಿದ್ದೇ ಅವರು.

ಹಣೆಯ ಹೆಸರು

ನಮ್ಮ ಹವೆಯಲ್ಲಿ ಬೋಳು ತಗಡಿಗೆ ಒಂದು ರಾತ್ರಿ ಸಾಕು, ಬೆಳಗ್ಗೆ ಕಿತ್ತಳೆ ಬಣ್ಣದ ಪುಡಿ. ಆದ್ದರಿಂದ ಸಂಜೆಯೊಳಗೆ ಪ್ರೈಮರ್ ಹೊಡೆಯಲು ಆಗುವಷ್ಟು ಜಾಗವನ್ನು ಮಾತ್ರ ಬೆಳಗ್ಗೆ ಬಿಡಿಸುವುದು. ಪ್ರೈಮರಿನ ಕೆಲಸ ನವೆಂಬರಿನಿಂದ ಎಪ್ರಿಲ್‌ವರೆಗೆ. ಎಲ್ಲರೂ ರೆಡ್ ಆಕ್ಸೈಡ್ ಎನ್ನುತ್ತಾರೆ, ಆದರೆ ಬೋಳು ತಗಡಿಗೆ ಎರಡು ಡಬ್ಬಿ ಬೆರೆಸುವ ಎಪಾಕ್ಸಿ ಪ್ರೈಮರ್ ಹೆಚ್ಚು ಬಾಳುತ್ತದೆ, ನೀರು ಹೀರುವುದಿಲ್ಲ. ಪುಟ್ಟಿ ಬೇಕಾದರೆ ಅದರ ಮೇಲೆ, ತೆಳ್ಳಗೆ. ಶೋರೂಮಿನ ಹೊಳಪಿಗಾಗಿ ಗನ್ನಿನಲ್ಲಿ ಪಿಯು ಪೇಂಟ್ ಹೊಡೆಯೋಣ ಎಂದು ಮನೆಯಲ್ಲಿ ಮಾತು ಬಂತು. ಅದರ ಆವಿ ಶ್ವಾಸಕೋಶಕ್ಕೆ ಕೆಟ್ಟದ್ದು, ಬಟ್ಟೆಯ ಮಾಸ್ಕ್ ಅದನ್ನು ತಡೆಯದು. ಅದಲ್ಲದೆ ಆ ಕಾಲದ ಲಾರಿಗೆ ಅಷ್ಟು ಹೊಳಪು ಇರಲೇ ಇಲ್ಲ. ಇನಾಮೆಲ್ ಪೇಂಟನ್ನು ಬ್ರಷ್ಷಿನಲ್ಲೇ ಬಳಿದೆವು. ಬ್ರಷ್ಷಿನ ಗೆರೆ ಕಂಡರೆ ಕಾಣಲಿ.

ಹೆಸರಿನ ವಿಷಯಕ್ಕೆ ಬಂದರೆ, ಹಣೆಯ ತಗಡಿನ ಕೆಳ ಅಂಚು ಪೂರ್ತಿ ಹೋಗಿತ್ತು. ಅಕ್ಷರಗಳ ಕಾಲುಗಳು ಆ ಅಂಚಿನಲ್ಲೇ ಇದ್ದವು. ಹೊಸ ತಗಡು ಹಾಕಿ ಹೊಸದಾಗಿ ಬರೆಸುವುದು ಸುಲಭವಿತ್ತು. ಅತ್ತೆಗೆ ಕೊಟ್ಟ ಮಾತಿತ್ತು. ಬಟರ್ ಪೇಪರ್ ಅಂಟಿಸಿ ಪೆನ್ಸಿಲಿನಲ್ಲಿ ಅಕ್ಷರಗಳ ನಕಲು ತೆಗೆದೆವು. ಕಾಕ ಹೆಸರಿನ ಕೆಳಗಿನ ಎರಡು ಬೆರಳಿನಷ್ಟು ಅಂಚನ್ನು ಮಾತ್ರ ಕತ್ತರಿಸಿ, ಪೇಂಟ್ ಸುಡದಂತೆ ಮೇಲೆ ಒದ್ದೆ ಬಟ್ಟೆ ಹೊದಿಸಿ, ಬೊಟ್ಟು ಬೊಟ್ಟಾಗಿ ಹೊಸ ಪಟ್ಟಿ ಕೂರಿಸಿದರು. ಅದೊಂದು ಗೇಣಿನ ಕೆಲಸಕ್ಕೆ ಇಡೀ ದಿನ. ಈಗ ಹೆಸರಿನ ಮೇಲಿನ ಮುಕ್ಕಾಲು ಭಾಗ ಅಂದಿನ ಪೇಂಟರ್ ಬರೆದದ್ದೇ, ಮಸುಕಾಗಿ, ಬಿರುಕು ಬಿಟ್ಟು. ಕಾಲುಗಳು ಮಾತ್ರ ಹೊಸವು. ಬಣ್ಣ ಸರಿಹೊಂದುವುದಿಲ್ಲ ಎಂದು ನೋಡಿದವರು ಹೇಳುತ್ತಾರೆ. ಚಿಕ್ಕ ಅತ್ತೆ ಬಂದವರು ಅದನ್ನು ಬೆರಳಿನಿಂದ ಮುಟ್ಟಿ ನೋಡಿ, "ಇದರ ಸೊಟ್ಟ ಕೊಂಬು ಹಾಗೆಯೇ ಉಂಟಲ್ಲಾ" ಎಂದರು. ಅಂದಿನ ಪೇಂಟರ್ ಒಂದು ಕೊಂಬನ್ನು ಓರೆಯಾಗಿ ಎಳೆದಿದ್ದನಂತೆ, ಅದಕ್ಕಾಗಿ ಅಜ್ಜನಿಗೂ ಅವನಿಗೂ ಜಗಳವಾಗಿತ್ತಂತೆ. ನಮಗೆ ಗೊತ್ತಿರಲಿಲ್ಲ.

ಕೆಲಸ ಮುಗಿದಿಲ್ಲ. ಎಡ ಬಾಗಿಲು, ಹಿಂದಿನ ಬಾಡಿಯ ಹಲಗೆಗಳು ಬಾಕಿ. ಟಿಂಕರ್ ಕಾಕನ ಬಳಿ ಈಗ ಅಣ್ಣನಲ್ಲದೆ ಊರಿನ ಇಬ್ಬರು ಹುಡುಗರು ಬರುತ್ತಾರೆ. ಒಬ್ಬ ಐಟಿಐ ಕಲಿಯುತ್ತಿರುವವನು, ಇನ್ನೊಬ್ಬ ಗುಜರಿ ಅಂಗಡಿಯವರ ಮಗ. ಬಲ ಬಾಗಿಲಿನ ಅಡಿಯಲ್ಲಿ ನೀರು ಇಳಿದು ಹೋಗಲು ಮೂರು ತೂತುಗಳಿವೆ, ಹಳಬರು ಇಟ್ಟದ್ದು. ಪುಟ್ಟಿಯಲ್ಲಿ ಮುಚ್ಚಿಹೋಗಿದ್ದವನ್ನು ಬಿಡಿಸಿದ್ದೇವೆ. ನಿಮ್ಮ ಮನೆಯಲ್ಲಿ ಹಳೆ ವಾಹನ ಇದ್ದರೆ ಈ ಮಳೆಗೆ ಮೊದಲು ಬಾಗಿಲಿನ ಅಡಿಯಲ್ಲಿ ಆ ತೂತುಗಳನ್ನು ಹುಡುಕಿ, ಒಂದು ತಂತಿ ಹಾಕಿ ಬಿಡಿಸಿ. ಐದು ನಿಮಿಷದ ಕೆಲಸ.